ಫ್ಯಾನ್ ಕ್ಲಚ್ ಬದಲಾವಣೆ: ಆ ದೊಡ್ಡ ನಟ್ ಯಾವ ಕಡೆಗೆ ಬಿಚ್ಚುತ್ತದೆ?

ನಿನ್ನೆ ಮೊದಲ ಸಲ ನನ್ನ ಕೈಯಾರೆ ಗಾಡಿಯ ಫ್ಯಾನ್ ಕ್ಲಚ್ ಬಿಚ್ಚಿ ಹೊಸದು ಹಾಕಿದೆ. ಮುಕ್ಕಾಲು ಪಾಲು ಹೊತ್ತು ಒಂದೇ ಒಂದು ನಟ್ ಮೇಲೆ ಹೋಯಿತು. ಅದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕ್ಲಚ್ ಒಳಗೆ ನಡೆಯುವುದು

ಇಂಜಿನ್ನಿನಲ್ಲಿ ನೀರು ಹರಿಸುವ ವಾಟರ್ ಪಂಪಿನ ಶಾಫ್ಟಿಗೂ ರೇಡಿಯೇಟರ್ ತಣಿಸುವ ಫ್ಯಾನಿಗೂ ನಡುವೆ ಈ ಕ್ಲಚ್ ಕೂತಿರುತ್ತದೆ. ಒಳಗಿರುವುದು ಮಂದವಾದ ಸಿಲಿಕೋನ್ ಎಣ್ಣೆ. ಮುಂಭಾಗದಲ್ಲಿ, ರೇಡಿಯೇಟರ್ ಕಡೆಗೆ, ಸುರುಳಿ ಸುತ್ತಿದ ಒಂದು ಲೋಹದ ಪಟ್ಟಿ ಕಾಣುತ್ತದೆ. ಎರಡು ಬೇರೆ ಬೇರೆ ಲೋಹ ಬೆಸೆದು ಮಾಡಿದ ಪಟ್ಟಿ ಅದು. ರೇಡಿಯೇಟರ್ ಮೂಲಕ ಬಿಸಿ ಗಾಳಿ ಬಂದಾಗ ಸುರುಳಿ ತಿರುಚಿಕೊಂಡು ಒಳಗಿನ ಕವಾಟ ತೆರೆಯುತ್ತದೆ, ಎಣ್ಣೆ ಗೀರುಗೀರಾಗಿರುವ ತಟ್ಟೆಗಳ ನಡುವೆ ನುಗ್ಗುತ್ತದೆ, ಅದರ ಅಂಟಿಗೆ ಫ್ಯಾನ್ ಶಾಫ್ಟಿನ ಜೊತೆ ಎಳೆದುಕೊಂಡು ತಿರುಗುತ್ತದೆ. ತಣ್ಣಗಾದರೆ ಎಣ್ಣೆ ವಾಪಸ್ ಹೋಗಿ ಫ್ಯಾನ್ ಜಾರುತ್ತದೆ.

ಎಣ್ಣೆ ಸೋರಿದ್ದರೆ ನಿಂತ ಟ್ರಾಫಿಕ್ಕಿನಲ್ಲಿ ಇಂಜಿನ್ ಬಿಸಿಯೇರುತ್ತದೆ, ವೇಗವಾಗಿ ಓಡುವಾಗ ಸರಿಯಾಗುತ್ತದೆ. ಓಡುವಾಗ ಗಾಳಿ ತಾನಾಗಿಯೇ ನುಗ್ಗುವುದರಿಂದ ಫ್ಯಾನ್ ಕೆಲಸ ಮಾಡದಿದ್ದರೂ ಗೊತ್ತಾಗುವುದಿಲ್ಲ. ಕ್ಲಚ್ ಕಚ್ಚಿಕೊಂಡೇ ಉಳಿದಿದ್ದರೆ ಯಾವಾಗಲೂ ಭರ್ರೆನ್ನುವ ಸದ್ದು. ನನ್ನ ಹಳೆಯದರ ಮಧ್ಯದಿಂದ ಅಂಚಿನ ಕಡೆಗೆ ಕಪ್ಪು ಜಿಡ್ಡಿನ ಗೆರೆಗಳು ಹೂವಿನ ಎಸಳಿನಂತೆ ಹರಡಿದ್ದವು. ಇಂಜಿನ್ ನಿಂತಿರುವಾಗ ಕೈಯಿಂದ ತಿರುಗಿಸಿದರೆ ಒಂದಿಷ್ಟೂ ತಡೆಯಿಲ್ಲದೆ ಸುತ್ತಿಕೊಂಡೇ ಹೋಗುತ್ತಿತ್ತು. ಇಂಜಿನ್ ಓಡುವಾಗ ಏನನ್ನಾದರೂ ಒಡ್ಡಿ ಫ್ಯಾನ್ ನಿಲ್ಲಿಸಿ ಪರೀಕ್ಷಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಬಿಚ್ಚುವ ಮುಂಚೆ

ಇಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿಯ ಮೈನಸ್ ತೆಗೆಯಿರಿ, ರೇಡಿಯೇಟರಿನ ಹಿಂಭಾಗಕ್ಕೆ ಅದರ ಅಳತೆಯ ದಪ್ಪ ರಟ್ಟು ಇಳಿಬಿಡಿ. ಫ್ಯಾನಿನ ಎಲೆ ಒಂದು ಸಲ ತಾಗಿದರೂ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಹೋಗುತ್ತವೆ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಶ್ರೌಡಿನ ಬೋಲ್ಟ್ ತೆಗೆದು ಸಡಿಲ ಬಿಡಿ. ಎಷ್ಟೋ ಗಾಡಿಗಳಲ್ಲಿ ಫ್ಯಾನ್ ಮತ್ತು ಶ್ರೌಡ್ ಒಟ್ಟಿಗೇ ಮೇಲೆ ಬರಬೇಕು. ಬೆಲ್ಟ್ ಮಾತ್ರ ಈಗಲೇ ತೆಗೆಯಬೇಡಿ. ವಾಟರ್ ಪಂಪಿನ ಪುಲ್ಲಿಯನ್ನು, ಅಂದರೆ ಬೆಲ್ಟ್ ಸುತ್ತುವ ಗಾಲಿಯನ್ನು, ಹಿಡಿದಿಟ್ಟುಕೊಳ್ಳುವುದು ಅದೇ.

ನಟ್: ನಾನು ಸಿಕ್ಕಿಬಿದ್ದ ಜಾಗ

ಜೋಡಣೆ ಎರಡು ಬಗೆ. ಪುಲ್ಲಿಯ ಮೇಲೆ 4 ಸಣ್ಣ ನಟ್ ಇದ್ದರೆ ಗೊಂದಲವೇ ಇಲ್ಲ: ಬೆಲ್ಟ್ ಬಿಗಿಯಾಗಿರುವಾಗಲೇ ನಾಲ್ಕನ್ನೂ ಸಡಿಲಿಸಿ, ಆಮೇಲೆ ಬೆಲ್ಟ್ ತೆಗೆದು ಪೂರ್ತಿ ಬಿಚ್ಚಿ. ಎರಡನೆಯ ಬಗೆಯಲ್ಲಿ ಕ್ಲಚ್ಚಿನ ಹಿಂದೆ ಒಂದೇ ದೊಡ್ಡ ನಟ್, ಹಲವು ಗಾಡಿಗಳಲ್ಲಿ 32 ಅಥವಾ 36 ಮಿ.ಮೀ. ಅದು ನೇರವಾಗಿ ವಾಟರ್ ಪಂಪಿನ ಶಾಫ್ಟಿನ ಥ್ರೆಡ್ಡಿಗೆ ಕೂತಿರುತ್ತದೆ. ನನ್ನದು ಇದೇ.

ಈ ನಟ್ ಕೆಲವು ಇಂಜಿನ್‌ಗಳಲ್ಲಿ ಮಾಮೂಲಿ ಥ್ರೆಡ್ (ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಚ್ಚುವುದು), ಕೆಲವದರಲ್ಲಿ ಉಲ್ಟಾ ಥ್ರೆಡ್ (ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುವುದು). ಅರ್ಧ ಗಂಟೆ ನಾನು ಎಳೆದಿದ್ದು ಬಿಗಿಯಾಗುವ ಕಡೆಗೆ. ಯಾವ ಗಾಡಿಗೆ ಯಾವುದು ಎಂದು ಬಾಯಿಪಾಠ ಮಾಡುವುದಕ್ಕಿಂತ ಕಾರಣ ತಿಳಿದುಕೊಂಡರೆ ಒಳ್ಳೆಯದು. ನನಗೆ ಅದು ಅರ್ಥವಾಗಿದ್ದು ನೀರಿನ ಬಾಟಲಿಯಿಂದ.

ಮುಚ್ಚಳ ನಿಮ್ಮ ಮುಖಕ್ಕೆ ಎದುರಾಗುವಂತೆ ಬಾಟಲಿ ಹಿಡಿಯಿರಿ. ಬಾಟಲಿಯೇ ಶಾಫ್ಟ್, ಮುಚ್ಚಳವೇ ನಟ್. ಮುಚ್ಚಳವನ್ನು ಅಲುಗದಂತೆ ಹಿಡಿದು ಬಾಟಲಿಯನ್ನು ಮಾತ್ರ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಮುಚ್ಚಳ ಬಿಚ್ಚಿಕೊಳ್ಳುತ್ತದೆ! ಇಂಜಿನ್ನಿನಲ್ಲಿ ಮುಚ್ಚಳ ಹಿಡಿದ ಕೈ ಯಾವುದು? ಗಾಳಿ. ಶಾಫ್ಟ್ ತಿರುಗಿಸುತ್ತದೆ, ಗಾಳಿ ಫ್ಯಾನನ್ನು ಹಿಂದಕ್ಕೆ ತಡೆಯುತ್ತದೆ. ಹಾಗಾಗಿ ಮುಳ್ಳಿನ ದಿಕ್ಕಿಗೆ ತಿರುಗುವ ಶಾಫ್ಟಿಗೆ ಮಾಮೂಲಿ ಥ್ರೆಡ್ ಇಟ್ಟರೆ ದಾರಿಯಲ್ಲೇ ನಟ್ ಕಳಚಿಕೊಳ್ಳುತ್ತದೆ. ಅಲ್ಲಿ ಉಲ್ಟಾ ಥ್ರೆಡ್ ಬೇಕೇ ಬೇಕು. ಶಾಫ್ಟ್ ಮುಳ್ಳಿಗೆ ವಿರುದ್ಧ ತಿರುಗುವುದಾದರೆ ಮಾಮೂಲಿ ಥ್ರೆಡ್ ಸಾಕು. ಎರಡು ಕಡೆಯೂ ಗಾಳಿಯ ತಡೆ ನಟ್ಟನ್ನು ಇನ್ನಷ್ಟು ಬಿಗಿ ಮಾಡುತ್ತಲೇ ಇರುತ್ತದೆ.

ಇದರಿಂದ ನನಗೆ ಸಿಕ್ಕ ಸೂತ್ರ: ಇಂಜಿನ್ ಓಡುವಾಗ ಫ್ಯಾನ್ ಯಾವ ಕಡೆಗೆ ತಿರುಗುತ್ತದೋ, ನಟ್ಟನ್ನು ಅದೇ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಎಡ, ಬಲ, ಮಾಮೂಲಿ, ಉಲ್ಟಾ ಯಾವುದೂ ಬೇಡ.

ಫ್ಯಾನ್ ತಿರುಗುವ ದಿಕ್ಕು ತಿಳಿಯಲು ಬೆಲ್ಟ್ ನೋಡಿ. ಹೆಚ್ಚಿನ ಇಂಜಿನ್‌ಗಳಲ್ಲಿ ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿ (ಇಂಜಿನ್ನಿನ ಮುಖ್ಯ ಶಾಫ್ಟಿನದ್ದು) ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಬೆಲ್ಟಿನ ಗೀರುಗಳಿರುವ ಒಳಮುಖ ವಾಟರ್ ಪಂಪಿನ ಪುಲ್ಲಿಗೆ ತಾಗಿದ್ದರೆ ಪಂಪೂ ಅದೇ ಕಡೆಗೆ. ನುಣುಪಾದ ಬೆನ್ನು ತಾಗಿದ್ದರೆ ವಿರುದ್ಧ ಕಡೆಗೆ. ಹಲವು ಬಿಎಂಡಬ್ಲ್ಯು ಇಂಜಿನ್‌ಗಳದ್ದು ಮೊದಲ ಬಗೆ, ಉಲ್ಟಾ ಥ್ರೆಡ್. ಬೆನ್ನು ತಾಗಿ ತಿರುಗುವ ಎಷ್ಟೋ ಫೋರ್ಡ್ ಟ್ರಕ್‌ಗಳದ್ದು ಮಾಮೂಲಿ ಥ್ರೆಡ್.

ಇನ್ನೊಂದು ಗೊಂದಲ ಇಲ್ಲೇ ಕಾಡಿತು. ಮುಳ್ಳಿನ ದಿಕ್ಕು ಎಂದರೆ ಗಾಡಿಯ ಮುಂದೆ ನಿಂತು ಫ್ಯಾನಿನ ಮುಖ ನೋಡುವಾಗಿನದ್ದು. ಆದರೆ ನಟ್ ಇರುವುದು ಕ್ಲಚ್ಚಿನ ಬೆನ್ನಿಗೆ, ನಾವು ಬಗ್ಗಿ ಮೇಲಿನಿಂದ ನೋಡುತ್ತೇವೆ. ಕಣ್ಣು ಇಂಜಿನ್ ಕಡೆಯಿಂದ ನೋಡಿತೋ, ದಿಕ್ಕು ಅದಲುಬದಲು. ಅದಕ್ಕೇ ಶ್ರೌಡಿನ ಮೇಲೆ ಸೀಮೆಸುಣ್ಣದಲ್ಲಿ ಬಾಣ ಬರೆದುಕೊಂಡೆ. ಸ್ಪ್ಯಾನರಿನ ಹಿಡಿ ನಟ್ಟಿನಿಂದ ಮೇಲ್ಮುಖವಾಗಿದ್ದಾಗ ಆ ಬಾಣದ ಕಡೆಗೆ ನೂಕಿದರೆ ಮುಗಿಯಿತು.

ದಿಕ್ಕು ಸರಿಯಾದ ಮೇಲೂ ಜಗ್ಗಿ ಎಳೆದರೆ ಬೆಲ್ಟ್ ಜಾರಿ ಪುಲ್ಲಿಯೂ ಜೊತೆಗೇ ತಿರುಗುತ್ತದೆ. ಎಳೆತ ಬೇಡ, ಏಟು ಬೇಕು: ಸ್ಪ್ಯಾನರ್ ಕೂರಿಸಿ ಹಿಡಿಯ ತುದಿಗೆ ಸುತ್ತಿಗೆಯಿಂದ ಗಟ್ಟಿಯಾಗಿ, ಚುಟುಕಾಗಿ ಒಂದು ಏಟು. ಪುಲ್ಲಿ ಅಲುಗುವಷ್ಟರಲ್ಲಿ ನಟ್ ಬಿಟ್ಟಿರುತ್ತದೆ. ನನಗೆ ಮೂರನೆಯ ಏಟಿಗೆ ‘ಟಕ್’ ಎಂದಿತು. ಆಗಲೂ ಜಾರಿದರೆ ಪುಲ್ಲಿಯ ಬೋಲ್ಟ್‌ಗಳಿಗೆ ಸಿಕ್ಕಿಸಿ ಹಿಡಿಯುವ ಟೂಲ್ ಬೇಕಾಗುತ್ತದೆ. ಮುಂದಿನ ಸುತ್ತುಗಳು ಕೈಯಿಂದಲೇ. ಇನ್ನೊಂದು ಕೈ ಫ್ಯಾನಿನ ಭಾರ ಹೊತ್ತಿರಲಿ.

ಹೊಸದು ಹಾಕುವುದು

ಫ್ಯಾನ್ ಹೊರಗಿರುವಾಗಲೇ ವಾಟರ್ ಪಂಪಿನ ಶಾಫ್ಟ್ ಹಿಡಿದು ಅಲುಗಾಡಿಸಿ ನೋಡಿ. ಲಟಕ್ ಎಂದರೆ ಪಂಪಿನ ಬೇರಿಂಗ್ ಹೋಗಿದೆ, ಹೊಸ ಕ್ಲಚ್ ಹಾಕಿ ಪ್ರಯೋಜನವಿಲ್ಲ. ಫ್ಯಾನಿನ ಎಲೆಗಳ ಬುಡದಲ್ಲಿ ಬಿರುಕಿದ್ದರೆ ಆ ಫ್ಯಾನ್ ಮತ್ತೆ ಹಾಕಬಾರದು. ಹೊಸ ಕ್ಲಚ್ಚನ್ನು ಹಳೆಯದರ ಪಕ್ಕದಲ್ಲಿಟ್ಟು ಎತ್ತರ, ಥ್ರೆಡ್, ತಿರುಗುವ ದಿಕ್ಕು ಹೋಲಿಸಿ. ಅದನ್ನು ಮಲಗಿಸಿ ಇಡಬೇಡಿ, ಗಾಡಿಯಲ್ಲಿ ಕೂರುವಂತೆ ನಿಲ್ಲಿಸಿಯೇ ಇಡಿ. ಮಲಗಿಸಿದರೆ ಎಣ್ಣೆ ಸೇರಬಾರದ ಕಡೆ ಸೇರುತ್ತದೆ.

ನಟ್ಟಿನ ಮೊದಲ ಕೆಲವು ಸುತ್ತು ಬೆರಳಲ್ಲೇ ಆಗಬೇಕು. ಅಡ್ಡ ಕೂತು ಥ್ರೆಡ್ ಕೆಟ್ಟರೆ ವಾಟರ್ ಪಂಪನ್ನೇ ಬದಲಿಸಬೇಕಾದೀತು. ಬಿಗಿ ಮಾಡುವುದು ಮ್ಯಾನ್ಯುಯಲ್ ಹೇಳಿದಷ್ಟೇ. ಶ್ರೌಡ್ ಕೂರಿಸಿದ ಮೇಲೆ ಫ್ಯಾನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲೆ ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಿ, ರಟ್ಟು ತೆಗೆಯಿರಿ.

ಸ್ಟಾರ್ಟ್ ಮಾಡಿದ ಕೂಡಲೇ ಫ್ಯಾನ್ ಜೋರಾಗಿ ಭರ್ರೆಂದಿತು, ತಪ್ಪು ಮಾಡಿದೆನೇನೋ ಎಂದು ಎದೆ ಧಸಕ್ಕೆಂದಿತು. ನಿಂತಿದ್ದಾಗ ಒಳಗೆ ಇಳಿದ ಎಣ್ಣೆ ತನ್ನ ಜಾಗಕ್ಕೆ ಮರಳುವವರೆಗೆ ಇದು ಸಹಜ. ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮತ್ತೆ ಏರಿತು, ಬಿಸಿ ತೋರಿಸುವ ಮುಳ್ಳು ಮಧ್ಯದಲ್ಲೇ ನಿಂತಿತು.