ಒಂದು ‘ಹಸಿ’ಗೆ ಐದು ಇಂಗ್ಲಿಷ್ ಪದ

ಪ್ರಶ್ನೆ: ನಾನು ಗಂಗಾವತಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಇಂಗ್ಲಿಷ್‌ನಲ್ಲಿ ಏನನ್ನಾದರೂ ವರ್ಣಿಸಬೇಕಾದಾಗ ‘ಗುಡ್’, ‘ನೈಸ್’, ‘ಬ್ಯೂಟಿಫುಲ್’ ಬಿಟ್ಟು ನಾಲ್ಕನೆಯ ಪದ ಬಾಯಿಗೆ ಬರುವುದಿಲ್ಲ. 500 ಗುಣವಾಚಕಗಳನ್ನು ಕನ್ನಡ ಅರ್ಥದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎರಡು ತಿಂಗಳಿಂದ ಬಾಯಿಪಾಠ ಮಾಡುತ್ತಿದ್ದೇನೆ. ಉಪಯೋಗವಾಗಿಲ್ಲ. ಎಷ್ಟು ಪದ ಕಲಿತರೆ ಸಾಕು? ಹೇಗೆ ಕಲಿಯಬೇಕು?

ಉತ್ತರ: ಎಷ್ಟು ಎಂಬುದನ್ನು ಮೊದಲು ಮುಗಿಸಿಬಿಡೋಣ. ಇಂಗ್ಲಿಷ್ ಕಲಿಯುವ ಹೊರಗಿನವರಿಗೆಂದು ಸಿ.ಕೆ. ಆಗ್ಡನ್ ಎಂಬ ವಿದ್ವಾಂಸರು 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಕಿರುಭಾಷೆಯೊಂದನ್ನು ರೂಪಿಸಿದರು. ಅದರಲ್ಲಿದ್ದ ಒಟ್ಟು ಪದಗಳು 850. ಅವುಗಳಲ್ಲಿ ಗುಣ ಹೇಳುವ ಪದಗಳು ಕೇವಲ 150, ಅದರಲ್ಲೂ 50 ವಿರುದ್ಧಾರ್ಥಕಗಳು. ಅಷ್ಟರಲ್ಲಿ ಎಲ್ಲವನ್ನೂ ಹೇಳಬಹುದೆಂಬ ಅವರ ಲೆಕ್ಕವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ 500 ಬರೆದುಕೊಂಡ ನಿಮಗೆ ಪದಗಳ ಬಡತನವಂತೂ ಇಲ್ಲ.

ತೊಂದರೆ ಇರುವುದು ಪಟ್ಟಿಯ ಬಲಗಡೆಯ ಕನ್ನಡ ಅರ್ಥದಲ್ಲಿ. ‘ರಾ’ ಎಂದರೆ ಹಸಿ ಎಂದು ಬರೆದುಕೊಂಡಿರುತ್ತೀರಿ. ತಪ್ಪಿಲ್ಲ, ರೊಟ್ಟಿಯ ಜೊತೆ ಕಡಿಯುವ ಹಸಿ ಉಳ್ಳಾಗಡ್ಡಿ ‘ರಾ ಆನಿಯನ್’ ಹೌದು. ಆದರೆ ಹಸಿ ಮೆಣಸಿನಕಾಯಿ ‘ಗ್ರೀನ್ ಚಿಲ್ಲಿ’. ಬೆಳಿಗ್ಗೆ ನಗರಸಭೆಯ ಗಾಡಿಗೆ ಹಾಕುವ ಹಸಿ ಕಸ ‘ವೆಟ್ ವೇಸ್ಟ್’. ಮಳೆಗಾಲದ ಹಸಿ ಗೋಡೆ ‘ಡ್ಯಾಂಪ್ ವಾಲ್’. ಹಸಿ ಸುಳ್ಳು ‘ಬ್ಲೇಟಂಟ್ ಲೈ’. ನಮ್ಮ ಒಂದೇ ‘ಹಸಿ’ ಇಂಗ್ಲಿಷ್‌ಗೆ ಹೋಗುವಷ್ಟರಲ್ಲಿ ಐದು ಹೋಳಾಯಿತು.

ನಮ್ಮ ಭಾಗದವರ ನಾಲಿಗೆಯ ಮೇಲೆ ಸದಾ ಇರುವ ‘ಖಡಕ್’ ಪದದ ಕಥೆಯೂ ಇದೇ. ಖಡಕ್ ರೊಟ್ಟಿ ‘ಕ್ರಿಸ್ಪ್’, ಖಡಕ್ ಚಹಾ ‘ಸ್ಟ್ರಾಂಗ್’, ಖಡಕ್ ಅಧಿಕಾರಿ ‘ಸ್ಟ್ರಿಕ್ಟ್’, ಖಡಕ್ ಮಾತು ‘ಬ್ಲಂಟ್’. ಇನ್ನು ‘ಜೋರು’: ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಜ್ವರಕ್ಕೆ ‘ಹೈ’, ದನಿಗೆ ‘ಲೌಡ್’. ‘ಸ್ಟ್ರಾಂಗ್ ರೇನ್’ ಎಂದರೆ ಅರ್ಥವಾಗುತ್ತದೆ, ಆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಅದು ‘ಗಟ್ಟಿ ಮಳೆ’ ಎಂದಂತೆ ಕೇಳಿಸುತ್ತದೆ. ಕೆಲವೊಮ್ಮೆ ಲೆಕ್ಕ ತಿರುಗಾಮುರುಗಾ ಆಗುವುದೂ ಉಂಟು: ಮಿರ್ಚಿ ಬಜ್ಜಿ ಬಿಸಿಯಿದ್ದರೂ ‘ಹಾಟ್’, ಖಾರವಿದ್ದರೂ ‘ಹಾಟ್’. ಬಾಣಲೆಯಿಂದ ಆಗಷ್ಟೇ ತೆಗೆದದ್ದು ಎರಡು ಸಲ ‘ಹಾಟ್’!

ಆದ್ದರಿಂದ ಗುಣವಾಚಕವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದು ಯಾವ ನಾಮಪದದ ಜೊತೆ ಓಡಾಡುತ್ತದೆಯೋ ಅದರೊಂದಿಗೇ ಬರೆದುಕೊಳ್ಳಿ. ಒಂಟಿ ವಿಶೇಷಣ ಎಷ್ಟು ಕಾಡಿಸುತ್ತದೆ ಎಂಬುದಕ್ಕೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಸಾಕ್ಷಿ ಇದೆ. ಮೌರ್ಯ ಚಕ್ರವರ್ತಿ ಅಶೋಕನ ಹೆಚ್ಚಿನ ಶಾಸನಗಳಲ್ಲಿ ಅವನ ಹೆಸರೇ ಇಲ್ಲ. ‘ದೇವಾನಾಂಪಿಯ’, ಅಂದರೆ ದೇವರಿಗೆ ಪ್ರಿಯನಾದವನು, ಎಂಬಂಥ ವಿಶೇಷಣಗಳಷ್ಟೇ ಇವೆ. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಆ ವಿಶೇಷಣದ ಪಕ್ಕದಲ್ಲೇ ಅಶೋಕ ಎಂಬ ಹೆಸರೂ ಕಾಣಿಸಿತು. ಇಬ್ಬರೂ ಒಬ್ಬನೇ ಎಂಬುದು ಗಟ್ಟಿಯಾಯಿತು.

ಈಗ ಹೇಗೆ ಎಂಬ ಮಾತು. ನೋಟ್‌ಬುಕ್ಕನ್ನು ತಿರುವಿಹಾಕಿ ಹಿಂದಿನ ಪುಟದಿಂದ ಹೊಸದಾಗಿ ಬರೆಯಲು ಶುರು ಮಾಡಿ. ಪುಟದ ತಲೆಯ ಮೇಲೆ ಗುಣವಾಚಕ ಬೇಡ, ದಿನವೂ ಕಣ್ಣಿಗೆ ಬೀಳುವ ಒಂದು ವಸ್ತುವಿನ ಹೆಸರಿರಲಿ. ನೀವು ಭತ್ತದ ಊರಿನವರು, ಅನ್ನದಿಂದಲೇ ಆರಂಭಿಸಿ. ಉದುರುದುರಾಗಿದ್ದರೆ ‘ಫ್ಲಫಿ’, ಮುದ್ದೆಯಾಗಿದ್ದರೆ ‘ಸ್ಟಿಕಿ’, ಅರೆಬೆಂದಿದ್ದರೆ ‘ಅಂಡರ್‌ಕುಕ್ಡ್’, ಸೀದಿದ್ದರೆ ‘ಬರ್ನ್ಟ್’, ರಾತ್ರಿ ಉಳಿದದ್ದು ‘ಲೆಫ್ಟ್‌ಓವರ್’, ಹಳಸಿದ್ದು ‘ಸ್ಪಾಯಿಲ್ಡ್’. ಗಿರಣಿಯಲ್ಲಿ ಸಿಗುವ ನುಚ್ಚಕ್ಕಿ ‘ಬ್ರೋಕನ್ ರೈಸ್’. ಒಂದು ತಟ್ಟೆ ಅನ್ನದ ನೆಪದಲ್ಲಿ ಏಳು ಪದ ಸಿಕ್ಕವು, ಒಂದನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಮರುದಿನ ಮಣ್ಣು. ಮಳೆಯಲ್ಲಿ ಚಪ್ಪಲಿಗೆ ಮೆತ್ತಿಕೊಳ್ಳುವ ಎರೆ ಮಣ್ಣೂ ‘ಸ್ಟಿಕಿ’ಯೇ, ಹಾಗಾಗಿ ನಿನ್ನೆಯ ಪದ ಇಂದು ತಾನಾಗಿ ಮರುಕಳಿಸಿತು. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟಾಗ ‘ಕ್ರ್ಯಾಕ್ಡ್’. ಆಮೇಲೆ ಕಾಲುವೆ: ತುಂಬಿದಾಗ ‘ಫುಲ್’, ಬತ್ತಿದಾಗ ‘ಡ್ರೈ’, ಕೆಸರಾದಾಗ ‘ಮಡಿ’, ಮೊಣಕಾಲುದ್ದ ನೀರಿದ್ದರೆ ‘ಶ್ಯಾಲೋ’. ರಸ್ತೆಯ ಪುಟದಲ್ಲಿ ‘ಡಸ್ಟಿ’ ಇರಲೇಬೇಕು. ಬಳ್ಳಾರಿ, ಸಂಡೂರಿನವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

ವಾಕ್ಯದೊಳಗೆ ಇಡುವಾಗ ಒಂದು ಎಚ್ಚರಿಕೆ. ಕನ್ನಡದಲ್ಲಿ ‘ಅವರ ಮನೆ ದೊಡ್ಡದು’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಇಂಗ್ಲಿಷ್‌ನಲ್ಲಿ ನಡುವೆ ‘ಈಸ್’ ಬರಲೇಬೇಕು. ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು, ಒಳ್ಳೆಯದು ಎಂದು ನಾವು ರೂಪ ಬದಲಿಸಿದಲ್ಲೆಲ್ಲ ಇಂಗ್ಲಿಷ್‌ನ ‘ಗುಡ್’ ಮಾತ್ರ ಕದಲುವುದಿಲ್ಲ. ಇಂಗ್ಲಿಷ್ ನಮಗಿಂತ ಸುಲಭವಾಗಿರುವ ಜಾಗಗಳು ಹೆಚ್ಚಿಲ್ಲ, ಇದೊಂದನ್ನು ಸಂತೋಷದಿಂದ ಒಪ್ಪಿಕೊಳ್ಳಿ.

ನಿಜವಾಗಿ ಎಡವುವುದು ‘ಇಂಗ್’ ಮತ್ತು ‘ಎಡ್’ ಜೋಡಿಯಲ್ಲಿ. ಪದವಿ ಮುಗಿದ ಹೊಸದರಲ್ಲಿ ಬಳ್ಳಾರಿಯಲ್ಲಿ ಕೆಲಸದ ಸಂದರ್ಶನಕ್ಕೆ ಹೋಗಿ, ಎದೆಯುಬ್ಬಿಸಿ ‘ಐ ಆಮ್ ವೆರಿ ಇಂಟರೆಸ್ಟಿಂಗ್’ ಎಂದಿದ್ದೆ. ನನಗೆ ಆಸಕ್ತಿಯಿದೆ ಎನ್ನುವುದರ ಬದಲು ನಾನು ಬಹಳ ಸ್ವಾರಸ್ಯಕರ ಮನುಷ್ಯ ಎಂದಂತಾಯಿತು. ಮೇಜಿನ ಆಚೆ ಕುಳಿತಿದ್ದವರು ‘ಅದನ್ನು ನಾವು ನೋಡಿ ಹೇಳುತ್ತೇವೆ’ ಎಂದರು. ಕೆಲಸ ಸಿಗಲಿಲ್ಲ, ಕಾರಣ ಅದೊಂದೇ ಇರಲಾರದು. ನಮ್ಮಲ್ಲಿ ‘ಪಾಠ ಬೇಸರ’, ‘ನನಗೆ ಬೇಸರ’ ಎರಡಕ್ಕೂ ಒಂದೇ ಪದ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಬೇಸರ ತರಿಸುವ ಪಾಠ ‘ಬೋರಿಂಗ್’, ಬೇಸರ ಪಟ್ಟವರು ‘ಬೋರ್ಡ್’. ದಣಿಸುವ ಪ್ರಯಾಣ ‘ಟೈರಿಂಗ್’, ದಣಿದ ನೀವು ‘ಟೈರ್ಡ್’.

‘ಟೂ’ ಎಂಬುದನ್ನು ‘ತುಂಬಾ’ ಎಂದು ತಿಳಿದವರು ಬಹಳ. ಅದು ‘ಅತಿ’, ಮಿತಿಮೀರಿದ್ದು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ‘ಟೂ ಹಾಟ್’ ಎಂದರೆ ಹೊರಗೆ ಹೋಗಲಾರೆ ಎಂಬ ಅರ್ಥವೂ ಅದರೊಳಗಿದೆ. ಸಂತೋಷಕ್ಕೆ ‘ವೆರಿ ಹ್ಯಾಪಿ’ ಸಾಕು. ಹಾಗೆಯೇ ವಧೂವರರ ಜಾಹೀರಾತಿನಿಂದ ‘ಹೋಮ್ಲಿ’ ಪದವನ್ನು ಎತ್ತಿಕೊಳ್ಳಬೇಡಿ. ಇಲ್ಲಿ ಅದು ಮನೆಗೆ ಹೊಂದಿಕೊಳ್ಳುವ ಹುಡುಗಿ. ಅಮೆರಿಕದಲ್ಲಿ ರೂಪ ಸಾಲದವಳು.

ಗುಣವಾಚಕಗಳ ಸಾಲಿನ ಕ್ರಮವನ್ನು ವ್ಯಾಕರಣ ಪುಸ್ತಕಗಳು ಉದ್ದಕ್ಕೆ ಹೇಳುತ್ತವೆ: ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ಯಾವುದರಿಂದ ಮಾಡಿದ್ದು. ಅಷ್ಟನ್ನೂ ಒಂದೇ ಉಸಿರಿನಲ್ಲಿ ಯಾರೂ ಹೇಳುವುದಿಲ್ಲ, ಎರಡು ಬಂದರೆ ಸಾಕು. ಕಿನ್ನಾಳದ ಗೊಂಬೆಯೊಂದನ್ನು ಎದುರಿಗಿಟ್ಟುಕೊಳ್ಳಿ. ‘ಕೆಂಪು ಮರದ ಗೊಂಬೆ’ ಎಂದರೆ ಕೆಂಪು ಯಾವುದು, ಮರವೋ ಗೊಂಬೆಯೋ ಎಂಬ ಗೊಂದಲ ಹುಟ್ಟುವುದರಿಂದ ನಾವು ‘ಮರದ ಕೆಂಪು ಗೊಂಬೆ’ ಎನ್ನುತ್ತೇವೆ. ಅದನ್ನೇ ಪದಕ್ಕೆ ಪದ ಇಟ್ಟು ‘ವುಡನ್ ರೆಡ್ ಡಾಲ್’ ಮಾಡಿದರೆ ಇಂಗ್ಲಿಷ್ ಕೆಡುತ್ತದೆ. ಅಲ್ಲಿ ಬಣ್ಣ ಮೊದಲು, ಮರ ಆಮೇಲೆ: ‘ರೆಡ್ ವುಡನ್ ಡಾಲ್’.