ಮಗು ಬೆಳೆಯುತ್ತೆ, ಹಾಕಿದ ವಾಲ್ವ್ ಬೆಳೆಯಲ್ಲ

ಹುಟ್ಟುತ್ತಲೇ ಹಾರ್ಟ್ ವಾಲ್ವ್ (ರಕ್ತ ಒಂದೇ ದಿಕ್ಕಿಗೆ ಹರಿಯೋ ಹಾಗೆ ನೋಡ್ಕೊಳ್ಳೋ ಪುಟ್ಟ ಬಾಗಿಲು) ಕೆಟ್ಟಿರೋ ಕೂಸಿಗೆ ಡಾಕ್ಟ್ರು ಮೊದಲು ರಿಪೇರಿ ಮಾಡೋಕೇ ನೋಡ್ತಾರೆ, ಬದಲಾಯಿಸೋದು ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ. ಯಾಕೆ ಇಷ್ಟು ಹಿಂದೇಟು ಅಂದ್ರೆ, ಬದಲಿಗೆ ಹಾಕೋ ಕೃತಕ ವಾಲ್ವ್‌ಗಳೆಲ್ಲ ಶುರುವಾಗಿದ್ದೇ ದೊಡ್ಡೋರಿಗೋಸ್ಕರ.

1953ರಲ್ಲಿ ಅಮೆರಿಕದ ಸರ್ಜನ್ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮೆಷಿನ್ (ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡೋ ಯಂತ್ರ) ಇಟ್ಕೊಂಡು ಆಪರೇಷನ್ ಮಾಡಿ ಗೆದ್ದ ಮೇಲೆ ಹೃದಯ ತೆರೆದು ಕೆಲಸ ಮಾಡೋ ಧೈರ್ಯ ಬಂತು. 1960ರಲ್ಲಿ ಸರ್ಜನ್ ಆಲ್ಬರ್ಟ್ ಸ್ಟಾರ್, ಎಂಜಿನಿಯರ್ ಲೊವೆಲ್ ಎಡ್ವರ್ಡ್ಸ್ ಜೊತೆ ಸೇರಿ ಮಾಡಿದ ವಾಲ್ವ್ ಕೂರಿಸಿದ್ರು. ಲೋಹದ ಒಂದು ಪುಟ್ಟ ಪಂಜರ, ಒಳಗೆ ರಕ್ತದ ಒತ್ತಡಕ್ಕೆ ಮುಂದೆ ಹಿಂದೆ ಓಡಾಡೋ ಗುಂಡು, ಅಷ್ಟೇ. ತನ್ನ ಮುಷ್ಟಿಯಷ್ಟೇ ಇರೋ ಕೂಸಿನ ಹಾರ್ಟಲ್ಲಿ ಅದನ್ನ ಎಲ್ಲಿ ಇಡ್ತೀರಿ? 1977ರಲ್ಲಿ ಎರಡು ರೆಕ್ಕೆಯ ಸೇಂಟ್ ಜೂಡ್ ವಾಲ್ವ್ ಬಂತು, ಅದರಲ್ಲೇ ಬರೀ 15 ಮಿಲಿಮೀಟರ್ ಸೈಜಿಂದಕ್ಕೆ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡೋ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದ್ದು 2018ರಲ್ಲಿ. ನಾಲ್ಕು ದಶಕ! ಅದೂ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಕೊಡ್ತಾನೇ ಇರಬೇಕು, ಪದೇ ಪದೇ ಸೂಜಿ ಚುಚ್ಚಿ ಟೆಸ್ಟ್, ಮತ್ತೆ ಮಗು ದೊಡ್ಡದಾದ ಹಾಗೆ ಅದೇ ವಾಲ್ವ್ ಬಿಗಿಯಾಗಿ ಇನ್ನೊಂದು ಆಪರೇಷನ್. ಹಂದಿ, ದನದ ಅಂಗಾಂಶದ್ದು ಹಾಕೋಣ ಅಂದ್ರೆ ಚಿಕ್ಕ ಮಕ್ಕಳ ಮೈಯಲ್ಲಿ ಅದಕ್ಕೆ ಕ್ಯಾಲ್ಸಿಯಂ ಕಟ್ಕೊಂಡು ಬೇಗ ಗಟ್ಟಿಯಾಗಿಬಿಡುತ್ತೆ.

ನನ್ನ ಪ್ರಕಾರ ನಿಜವಾದ ತಿರುವು 1967ರದ್ದು. ಲಂಡನ್ನಿನ ಸರ್ಜನ್ ಡೊನಾಲ್ಡ್ ರಾಸ್, ಪೇಷಂಟಿನ ಸ್ವಂತ ಪಲ್ಮನರಿ ವಾಲ್ವನ್ನೇ (ಶ್ವಾಸಕೋಶಕ್ಕೆ ರಕ್ತ ಹೋಗೋ ದಾರೀಲಿರೋದು) ತೆಗೆದು ಕೆಟ್ಟ ಅಯೋರ್ಟಿಕ್ ವಾಲ್ವ್ (ಮೈಗೆಲ್ಲ ರಕ್ತ ಹೋಗೋ ದಾರೀಲಿರೋದು) ಜಾಗಕ್ಕೆ ಹೊಲಿದ್ರು. ಅದು ಜೀವ ಇರೋ ಅಂಗಾಂಶ, ಹಾಗಾಗಿ ಮಗುವಿನ ಜೊತೆ ಅದೂ ಬೆಳೆಯುತ್ತೆ. ಆದ್ರೆ ಖಾಲಿಯಾದ ಪಲ್ಮನರಿ ಜಾಗಕ್ಕೆ ದಾನಿಯ ವಾಲ್ವ್ ಹಾಕ್ಬೇಕು, ಅದು ಬೆಳೆಯಲ್ಲ, ಮುಂದೆ ಅದನ್ನ ಬದಲಾಯಿಸಲೇಬೇಕು.

2022ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋದ್ರು. ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳ ಬೇರೆಯಾಗದೆ ಒಂದೇ ಆಗಿ ಹುಟ್ಟಿದ್ದ, ಮೂರು ವಾರನೂ ತುಂಬದ ಕೂಸಿಗೆ ಜೋಸೆಫ್ ಟ್ಯೂರೆಕ್ ಅವರ ತಂಡ ದಾನಿ ಹೃದಯದ ಜೀವಂತ ವಾಲ್ವ್‌ಗಳನ್ನ ರಕ್ತನಾಳದ ಸಮೇತ ಕಸಿ ಮಾಡಿತು. ವರ್ಷದ ಮೇಲೂ ಅವು ಕೆಲಸ ಮಾಡ್ತಾ ಮಗುವಿನ ಜೊತೆಗೇ ಬೆಳೀತಿದ್ದಾವೆ ಅಂತ 2024ರಲ್ಲಿ ವರದಿ ಬಂತು, ನನಗಂತೂ ಓದಿ ತುಂಬಾ ಖುಷಿಯಾಯ್ತು. ದೇಹ ತಿರಸ್ಕರಿಸದ ಹಾಗೆ ಔಷಧಿ ಬೇಕೇ ಬೇಕು, ಆದ್ರೆ ಪೂರ್ತಿ ಹಾರ್ಟ್ ಕಸಿಗೆ ಕೊಡೋದಕ್ಕಿಂತ ಕಡಿಮೆ ಸಾಕಾಗುತ್ತೆ. ಇನ್ನೊಂದು ದೊಡ್ಡ ವಿಷಯ, ಸ್ನಾಯು ಸೋತು ಪೂರ್ತಿ ಕಸಿಗೆ ಆಗಲ್ಲ ಅಂತ ಬಿಟ್ಟ ದಾನಿ ಹೃದಯದಲ್ಲೂ ವಾಲ್ವ್ ಚೆನ್ನಾಗಿದ್ರೆ ಅದನ್ನ ಇದಕ್ಕೆ ತಗೋಬಹುದು.