ಸಿಲಿಕಾನ್ ಬಂದರೆ ಗ್ರಾಫೈಟ್ ಹೋಗ್ತದಾ? ಆನೋಡಿನ ಲೆಕ್ಕ

ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಎದುರು ನಿಂತ ಎಲೆಕ್ಟ್ರಿಕ್ ಆಟೋ ನೋಡಿ ಗೆಳೆಯ ಕೇಳಿದ: "ಸಿಲಿಕಾನ್ ಹಾಕಿದ್ರೆ ಬ್ಯಾಟರಿ ಹತ್ತು ಪಟ್ಟು ಬರ್ತದಂತೆ, ಹೌದಾ ಮಾರಾಯ?" ಅಷ್ಟರಲ್ಲಿ ಬಸ್ಸು ಬಂತು, ಉತ್ತರ ಅರ್ಧಕ್ಕೇ ನಿಂತಿತು. ನನ್ನ ಹಾಗೆ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಕಲಿತು ಈಗ ಕೆಮಿಸ್ಟ್ರಿ ಓದುತ್ತಿರುವ ಕಾಸರಗೋಡಿನ ಗೆಳೆಯರಿಗಾಗಿ ಪೂರ್ತಿ ಬರೆದಿಟ್ಟಿದ್ದೇನೆ.

ಮೊದಲು ಈ ಹತ್ತು ಪಟ್ಟು ಎಲ್ಲಿಂದ ಬಂತು ಅಂತ ನೋಡೋಣ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕ್ಯಾಥೋಡಿನಿಂದ (ಬ್ಯಾಟರಿಯ ಪ್ಲಸ್ ಬದಿ) ಹೊರಟು ಆನೋಡಿಗೆ (ಮೈನಸ್ ಬದಿ) ಬಂದು ಸೇರುತ್ತವೆ. ಈಗಿನ ಆನೋಡ್ ಹೆಚ್ಚಾಗಿ ಗ್ರಾಫೈಟಿನದ್ದು. ಗ್ರಾಫೈಟಿನಲ್ಲಿ ಕಾರ್ಬನ್ ಹಾಳೆಗಳು ಒಂದರ ಮೇಲೊಂದು ಇರುತ್ತವೆ. ಲಿಥಿಯಂ ಅವುಗಳ ಸಂದಿಯಲ್ಲಿ ಕೂರುತ್ತದೆ. 6 ಕಾರ್ಬನ್ ಪರಮಾಣುಗಳಿಗೆ 1 ಲಿಥಿಯಂ, ಅಷ್ಟೇ ಜಾಗ. ಸಿಲಿಕಾನ್ ಹಾಗಲ್ಲ. ಅದು ಲಿಥಿಯಂ ಜೊತೆ ಮಿಶ್ರಲೋಹವೇ ಆಗಿಬಿಡುತ್ತದೆ: 4 ಸಿಲಿಕಾನಿಗೆ 15 ಲಿಥಿಯಂ. ಒಂದು ಗ್ರಾಂ ಗ್ರಾಫೈಟ್ 372 ಮಿಲಿಆಂಪ್-ಅವರ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಹಿಡಿದರೆ ಒಂದು ಗ್ರಾಂ ಸಿಲಿಕಾನ್ 3579 ಹಿಡಿಯುತ್ತದೆ. ಮಾತು ಸುಳ್ಳಲ್ಲ. ಆದರೆ ಇದು ಆನೋಡಿನ ಪುಡಿಯ ಲೆಕ್ಕ, ಬ್ಯಾಟರಿಯದ್ದಲ್ಲ.

ಬ್ಯಾಟರಿಯದ್ದನ್ನು ನಾವೇ ಮಾಡೋಣ, ಪೆನ್ನು ಹಿಡಿಯಿರಿ. ಕ್ಯಾಥೋಡ್ ಪುಡಿ 1000 ಗ್ರಾಂ ಇರಲಿ. ಗ್ರಾಂಗೆ 200 ಮಿಲಿಆಂಪ್-ಅವರ್ ಅಂತ ಹಿಡಿದರೆ ಒಟ್ಟು 2,00,000. ಇಷ್ಟು ಲಿಥಿಯಂ ಕೂರಲು ಗ್ರಾಫೈಟ್ ಎಷ್ಟು ಬೇಕು? 372ರಲ್ಲಿ ನಿಜಕ್ಕೂ ಗ್ರಾಂಗೆ 360 ಸಿಕ್ಕಿದರೆ 556 ಗ್ರಾಂ. ಬರೀ ಸಿಲಿಕಾನ್ ಆದರೆ 56 ಗ್ರಾಂ ಸಾಕು. ಉಳಿತಾಯ 500 ಗ್ರಾಂ. ಒಟ್ಟು ತೂಕ 1556ರಿಂದ 1056ಕ್ಕೆ ಇಳಿಯಿತು. ಕ್ಯಾಥೋಡ್ ಇದ್ದಷ್ಟೇ ಇದೆ, ಅಲ್ವಾ? ಹಾಗಾಗಿ ಅದೇ ತೂಕದಲ್ಲಿ ಸಿಗುವುದು ಒಂದೂವರೆ ಪಟ್ಟು, ಹತ್ತು ಪಟ್ಟಲ್ಲ. ತಾಮ್ರದ ಹಾಳೆ, ಎಲೆಕ್ಟ್ರೋಲೈಟ್ (ಅಯಾನುಗಳು ಓಡಾಡುವ ದ್ರವ), ಡಬ್ಬಿ ಎಲ್ಲ ಸೇರಿದ ಮೇಲೆ ಅದೂ ಇಳಿಯುತ್ತದೆ. ಮೇಲಿಂದ ಸಿಲಿಕಾನ್ ಆನೋಡಿನಿಂದ ವೋಲ್ಟೇಜ್ ಕೂಡ ಸ್ವಲ್ಪ ಕಡಿಮೆ.

ಈಗ 90% ಗ್ರಾಫೈಟಿಗೆ 10% ಸಿಲಿಕಾನ್ ಬೆರೆಸಿ. ಗ್ರಾಂಗೆ 682 ಬಂತು. ಬೇಕಾದ ಆನೋಡ್ 293 ಗ್ರಾಂ, ಉಳಿತಾಯ 263 ಗ್ರಾಂ. ಅಂದರೆ ಮೊದಲ ಹತ್ತು ಪರ್ಸೆಂಟಿನಲ್ಲೇ ಅರ್ಧಕ್ಕಿಂತ ಜಾಸ್ತಿ ಲಾಭ ಬಂದಾಯಿತು! ಈ ಲೆಕ್ಕ ಮೊದಲ ಸಲ ಮಾಡಿದಾಗ ತಪ್ಪಿರಬೇಕು ಅಂತ ಮತ್ತೆ ಮಾಡಿದೆ. ತಪ್ಪಿಲ್ಲ. ಗ್ರಾಫೈಟ್ ಪೂರ್ತಿ ಹೋಗುವುದಿಲ್ಲ ಅಂತ ನಾನು ಹೇಳುವುದು ಮುಖ್ಯವಾಗಿ ಇದಕ್ಕೇ. ಉಳಿದ ಅರ್ಧ ಲಾಭಕ್ಕೆ ತೆರಬೇಕಾದ ಬೆಲೆ ದೊಡ್ಡದು.

ಆ ಬೆಲೆ ಇರುವುದು ಉಬ್ಬುವುದರಲ್ಲಿ. ಪೂರ್ತಿ ಚಾರ್ಜ್ ಆದಾಗ ಗ್ರಾಫೈಟ್ ಸುಮಾರು 10% ಉಬ್ಬಿದರೆ ಸಿಲಿಕಾನ್ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಡಿಸ್ಚಾರ್ಜ್ ಆದಾಗ ಮತ್ತೆ ಕುಗ್ಗುತ್ತದೆ. ಕಣಗಳು ಒಡೆಯುತ್ತವೆ. ಅದಕ್ಕಿಂತ ಕೆಟ್ಟದ್ದು ಪೊರೆಯ ಕಥೆ.

ನಮ್ಮಲ್ಲಿ ಅಡಿಕೆ ಹಾಕುವ ಮೊದಲು ಅಂಗಳಕ್ಕೆ ಸೆಗಣಿ ಸಾರಿಸುತ್ತಾರೆ. ನೆಲ ಗಟ್ಟಿ ಇದ್ದರೆ ಒಮ್ಮೆ ಸಾರಿಸಿದ್ದು ತುಂಬಾ ದಿನ ನಿಲ್ಲುತ್ತದೆ. ನೆಲವೇ ದಿನಾ ಬಿರಿದರೆ ದಿನಾ ಸಾರಿಸಬೇಕು. ಆನೋಡಿನ ಮೇಲೂ ಮೊದಲ ಚಾರ್ಜಿನಲ್ಲಿ ಎಲೆಕ್ಟ್ರೋಲೈಟ್ ಒಡೆದು ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಬೇಕು, ಅದೇ ಆನೋಡನ್ನು ಕಾಯುವುದು. ಆದರೆ ಅದಕ್ಕೆ ಖರ್ಚಾಗುವುದು ಬ್ಯಾಟರಿಯೊಳಗಿನ ಲಿಥಿಯಮ್ಮೇ. ಗ್ರಾಫೈಟಿನ ಮೇಲೆ ಪೊರೆ ನಿಲ್ಲುತ್ತದೆ. ಸಿಲಿಕಾನ್ ಉಬ್ಬಿದಾಗೆಲ್ಲ ಬಿರಿಯುತ್ತದೆ, ಹೊಸ ಪೊರೆ, ಮತ್ತೆ ಲಿಥಿಯಂ ಖರ್ಚು. ಪ್ರತಿ ಸಲ 99.9% ಲಿಥಿಯಂ ವಾಪಸ್ ಬಂದರೂ 500 ಸಲಕ್ಕೆ ಉಳಿಯುವುದು ಸುಮಾರು 60%. 99.99% ಆದರೆ 95%. ದಶಮಾಂಶದ ನಂತರ ಒಂದೇ ಒಂದು ಒಂಬತ್ತು, ಅದರಲ್ಲೇ ಬ್ಯಾಟರಿಯ ಆಯುಸ್ಸು ಇದೆ.

ಇದಕ್ಕೆ ದಾರಿ ಹುಡುಕುತ್ತಿದ್ದಾರೆ. 2008ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಕುಯಿ ಅವರ ತಂಡ ಸಿಲಿಕಾನನ್ನು ನ್ಯಾನೋ ತಂತಿಗಳಾಗಿ ಬೆಳೆಸಿ, ಪುಡಿಯಾಗದೆ ಉಬ್ಬಬಹುದು ಅಂತ ತೋರಿಸಿತು. ಕಣ 150 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಬಿರುಕು ಬಿಡುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ತೂತು ತೂತಾದ ಕಾರ್ಬನ್ನಿನೊಳಗೆ ಸಿಲಿಕಾನ್ ತುಂಬಿಸಿ, ಉಬ್ಬಲು ಒಳಗೇ ಜಾಗ ಬಿಡುವ ದಾರಿ ನನಗೆ ಹೆಚ್ಚು ಹಿಡಿಸಿತು. ಅಲ್ಲೂ ಕಾರ್ಬನ್ ಬೇಕೇ ಬೇಕು, ನೋಡಿ. ಟೆಸ್ಲಾ 2015ರಲ್ಲೇ ಮಾಡೆಲ್ ಎಸ್ ಬ್ಯಾಟರಿಯಲ್ಲಿ ಸ್ವಲ್ಪ ಸಿಲಿಕಾನ್ ಸೇರಿಸಿತ್ತು. ಸೀಲಾ ಕಂಪನಿಯ ಸಿಲಿಕಾನ್ ಆನೋಡ್ 2021ರಲ್ಲಿ ಮೊದಲು ಬಂದದ್ದು ಕಾರಿಗಲ್ಲ, ವೂಪ್ ಎಂಬ ಕೈಪಟ್ಟಿಗೆ. ಕಾರಿನ ಬ್ಯಾಟರಿ ವರ್ಷಗಟ್ಟಲೆ ಬಾಳಬೇಕು, ಪರೀಕ್ಷೆ ಕಠಿಣ.

ಸಿಲಿಕಾನ್ ಮೇಲೆ ಇಷ್ಟು ಆಸೆ ಯಾಕೆ ಅಂದರೆ ಆನೋಡಿನ ಗ್ರಾಫೈಟನ್ನು ಸಂಸ್ಕರಿಸುವುದು ಬಹುಪಾಲು ಚೀನಾ. 2023ರ ಡಿಸೆಂಬರಿನಿಂದ ಅದರ ರಫ್ತಿಗೆ ಪರವಾನಗಿ ಬೇಕು. ಸಿಲಿಕಾನ್ ಮರಳಿನಲ್ಲೂ ಇದೆ, ಭತ್ತದ ಉಮಿಯಲ್ಲೂ ಇದೆ. ಉಮಿ ಸುಟ್ಟ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿದ್ದು. ಅದನ್ನು ಮೆಗ್ನೀಸಿಯಂ ಜೊತೆ ಕಾಯಿಸಿ ಸಿಲಿಕಾನ್ ತೆಗೆಯಬಹುದು. ಅಜ್ಜಿ ಹಲ್ಲುಜ್ಜುತ್ತಿದ್ದ ಅದೇ ಉಮಿಕರಿ ಇದು ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಇನ್ನು 5% ಸಿಲಿಕಾನ್ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ನನಗೆ ಆನೋಡ್ 384 ಗ್ರಾಂ ಬಂತು.